ತಗ್ಗು ಬಿದ್ದ ಕೆನ್ನೆಗೆ ಟ್ಯೂಬ್ ಮಾರಬೇಡಿ

ಸಂಜೆ ಪಿ.ಜೆ. ಬಡಾವಣೆಯ ಒಂದು ಮೆಡಿಕಲ್ ಶಾಪಿನಲ್ಲಿ ಅಮ್ಮನ ಬಿಪಿ ಮಾತ್ರೆಗೆ ನಿಂತಿದ್ದೆ. ಪಕ್ಕದಲ್ಲಿ ಡಿಗ್ರಿ ಓದೋ ವಯಸ್ಸಿನ ಹುಡುಗಿ. ಮುಖಕ್ಕೆಲ್ಲ ದುಪಟ್ಟಾ. ದಾವಣಗೆರೆ ಬಿಸಿಲಿಗೆ ಎಲ್ಲರೂ ಸುತ್ತಿಕೊಳ್ಳೋದೇ, ಆದರೆ ಇವಳು ಅಂಗಡಿ ನೆರಳಿಗೆ ಬಂದ ಮೇಲೂ ಬಿಚ್ಚಲಿಲ್ಲ. ಕೌಂಟರ್ ಕಡೆ ಬಾಗಿ, ಒಂದು ಪಕ್ಕ ಮಾತ್ರ ಸರಿಸಿ ಕೆನ್ನೆ ತೋರಿಸಿದಳು. ಮೊಡವೆ ಹೋಗಿ ತಗ್ಗು ಉಳಿದಿದ್ದ ಕೆನ್ನೆ. ಅಂಗಡಿಯವರು ಸರಿಯಾಗಿ ನೋಡಲೂ ಇಲ್ಲ. "ರಾತ್ರಿ ಹಚ್ಕಳಮ್ಮ, ಒಂದ್ ತಿಂಗ್ಳಲ್ಲಿ ಎಲ್ಲ ಹೋಗ್ತೈತೆ" ಅಂತ ಟ್ಯೂಬ್ ಮುಂದಿಟ್ಟರು. ನಾನು ಕೈಗೆ ತಗೊಂಡು ತಿರುಗಿಸಿ ಓದಿದೆ. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಪಕ್ಕದಲ್ಲೇ ಕೆಂಪು ಚೌಕದಲ್ಲಿ ಎಚ್ಚರಿಕೆ.

"ಡಾಕ್ಟ್ರ ಚೀಟಿ ಬೇಡ್ವಾ ಇದಕ್ಕೆ?" ಅಂದೆ. "ಎಲ್ರೂ ಒಯ್ತಾರೆ ಮೇಡಮ್" ಅಂದರು.

ಎಲ್ಲರೂ ಒಯ್ಯುತ್ತಾರೆ, ಅದೇ ನನ್ನ ಸಂಕಟ. ಮೊಮೆಟಾಸೋನ್ ಸ್ಟೀರಾಯ್ಡ್. ವೈದ್ಯರು ಹೇಳದೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಕೆಂಪಾಗುತ್ತೆ, ಬೇಡದ ಕೂದಲು ಬರುತ್ತೆ, ಮೊಡವೆಯೂ ಹೊಸದಾಗಿ ಏಳುತ್ತೆ. ಇಂಥ ಸ್ಟೀರಾಯ್ಡ್ ಮುಲಾಮು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ಹಾಕಿದೆ. ಆ ಮಗುವಿಗೆ ಬೇಕಿದ್ದದ್ದು ಏನು, ಸಿಕ್ಕಿದ್ದು ಏನು!

ತಗ್ಗು ಇರೋದು ಮೇಲಿನ ಚರ್ಮದಲ್ಲಿ ಅಲ್ಲ. ದೊಡ್ಡ ಮೊಡವೆ ಒಳಗೊಳಗೇ ಕೀವು ತುಂಬಿ ಉರಿದಾಗ ಚರ್ಮವನ್ನು ಒಳಗಿಂದ ಎತ್ತಿ ಹಿಡಿಯೋ ಕೊಲಾಜನ್ ಅನ್ನೋ ಪ್ರೋಟೀನ್ ಅಲ್ಲಿ ಹಾಳಾಗುತ್ತೆ. ಮಾಯುವಾಗ ಕೆಲವು ಕಡೆ ನಾರಿನಂಥ ಗಟ್ಟಿ ಎಳೆಗಳು ಬೆಳೆದು ಚರ್ಮವನ್ನು ಕೆಳಗಿನ ಕೊಬ್ಬಿನ ಪದರಕ್ಕೆ ಬಿಗಿದು ಹಿಡಿಯುತ್ತವೆ. ನಮ್ಮ ಅಜ್ಜಿ ಹೊಲಿದ ಕೌದಿಯಲ್ಲಿ ದಾರ ಎಳೆದ ಜಾಗವೆಲ್ಲ ತಗ್ಗಾಗಿರುತ್ತಲ್ಲ, ಹಾಗೆ. ಆ ದಾರ ಕತ್ತರಿಸದೆ ಮೇಲೆ ಏನು ಸವರಿದರೆ ಏನು ಬಂತು? ಕ್ರೀಮು ಕಪ್ಪು ಕಲೆ ತಿಳಿಮಾಡಬಹುದು, ತಗ್ಗು ಎತ್ತಲಾರದು. ಮದುವೆ ಸೀಸನ್ನಿನ ಫೇಶಿಯಲ್ ಪ್ಯಾಕೇಜಿಗೂ ಇದೇ ಮಾತು.

ದಾರ ಕತ್ತರಿಸೋ ವಿಧಾನ ಇದೆ. ಸಬ್‌ಸಿಷನ್ ಅಂತಾರೆ. ಅಮೆರಿಕದ ಚರ್ಮವೈದ್ಯರು, ಓರೆಂಟ್ರೈಕ್ ಅಪ್ಪ-ಮಗ, 1995ರಲ್ಲೇ ಇದನ್ನು ಬರೆದು ಪ್ರಕಟಿಸಿದರು. ದೊಡ್ಡ ಆಪರೇಷನ್ ಅಲ್ಲ, ಅಡ್ಮಿಟ್ ಆಗಬೇಕಿಲ್ಲ, ಹೊಲಿಗೆಯೂ ಇಲ್ಲ.

ನನ್ನ ಎಡಗೆನ್ನೆಯಲ್ಲೂ ಇಂಥದೇ ತಗ್ಗು, ನನ್ನನ್ನು ಬಲ್ಲವರಿಗೆಲ್ಲ ಗೊತ್ತೇ ಇದೆ. ಅದಕ್ಕೆ ಮಾಡಿಸಿಕೊಂಡೆ. ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳ್ತೀನಿ. ಡಾಕ್ಟರಮ್ಮ ರೂಮಿನ ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ನೆರಳು ಬಿದ್ದ ತಗ್ಗನ್ನೆಲ್ಲ ಪೆನ್ನಿನಿಂದ ಸುತ್ತು ಹಾಕಿದರು. ಮರಗಟ್ಟೋ ಇಂಜೆಕ್ಷನ್ ಚುರ್ ಅಂತು, ಆಮೇಲೆ ನೋವಿಲ್ಲ. ಒಂದು ದಪ್ಪ ಸೂಜಿ ಚರ್ಮದ ಕೆಳಗೆ ಅಡ್ಡಡ್ಡ ಹೋಗಿ ಹಿಂದೆ ಮುಂದೆ ಆಡುತ್ತೆ. ಎಳೆ ಕಡಿಯೋದು ಕಿವಿಯೊಳಗೇ ಕೇಳಿಸುತ್ತೆ, ಕರಕರ ಅಂತ. ಆಮೇಲೆ ಹತ್ತಿ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದರು. ಬಿಡುಗಡೆಯಾದ ಜಾಗದಲ್ಲಿ ರಕ್ತ ಸ್ವಲ್ಪ ಹೆಪ್ಪುಗಟ್ಟಿ, ನಿಧಾನಕ್ಕೆ ಹೊಸ ಕೊಲಾಜನ್ ತುಂಬಿಕೊಳ್ಳುತ್ತೆ. ಕೆನ್ನೆ ಊದಿ ನೀಲಿ ಹಸಿರಾಗಿತ್ತು. ಸ್ಟಾಫ್ ರೂಮಿನಲ್ಲಿ "ಎಲ್ಲಾದ್ರೂ ಬಿದ್ರಾ?" ಅಂತ ಕೇಳಿದರು, ಸುಮ್ಮನಿದ್ದೆ.

ಎಲ್ಲ ತಗ್ಗಿಗೂ ಇದೇ ಅಲ್ಲ ಮತ್ತೆ. ಅಗಲವಾಗಿ ಅಲೆಅಲೆಯಾಗಿರೋ ರೋಲಿಂಗ್ ಕಲೆಗೆ ಸೂಜಿ ಚೆನ್ನಾಗಿ ಕೆಲಸ ಮಾಡುತ್ತೆ. ಬಾಯಿ 2 ಮಿ.ಮೀ.ಗಿಂತ ಕಿರಿದಾಗಿ ಆಳಕ್ಕೆ ಇಳಿದ ಐಸ್‌ಪಿಕ್ ಕಲೆಗೆ ಟಿಸಿಎ ಅನ್ನೋ ಆಸಿಡ್ಡನ್ನು ಕಡ್ಡಿಯ ತುದಿಯಲ್ಲಿ ಅದ್ದಿ ತಗ್ಗಿನೊಳಗೆ ಮಾತ್ರ ಮುಟ್ಟಿಸ್ತಾರೆ, ಅಲ್ಲಿ ಬೆಳ್ಳಗಾಗುತ್ತೆ. ಕ್ರಾಸ್ ಅನ್ನೋ ಈ ವಿಧಾನವನ್ನು 2002ರಲ್ಲಿ ಕೊರಿಯಾದ ವೈದ್ಯರು ಪ್ರಕಟಿಸಿದರು. ಅಂಚು ನೆಟ್ಟಗಿರೋ ಬಾಕ್ಸ್‌ಕಾರ್ ಕಲೆ ಆಳವಾಗಿದ್ದರೆ ಪಂಚ್ ಅನ್ನೋ ಸಣ್ಣ ದುಂಡು ಬ್ಲೇಡಿನಿಂದ ಎತ್ತೋದೋ ತೆಗೆಯೋದೋ ಮಾಡ್ತಾರೆ. ಒಂದೇ ಕೆನ್ನೆಯಲ್ಲಿ ಮೂರೂ ಥರ ಇರಬಹುದು. ಅದಕ್ಕೇ ಕಣ್ಣಿಟ್ಟು ನೋಡೋರು ಬೇಕು ಅನ್ನೋದು. ಬರೀ ಲೇಸರ್ ಅಂತ ಹೊರಟರೂ ನಮ್ಮಂಥ ಗೋಧಿ, ಕಪ್ಪು ಬಣ್ಣದವರಿಗೆ ಸುಟ್ಟ ಜಾಗ ಕಪ್ಪಾಗಿ ಉಳಿಯೋ ಸಾಧ್ಯತೆ ಹೆಚ್ಚು.

"ಮುಖದ್ದೇನು, ಗುಣ ಮುಖ್ಯ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನನ್ನನ್ನು ನೋಡಕ್ಕೆ ಬಂದಿದ್ದ ಒಬ್ಬ ದೊಡ್ಡಮ್ಮ "ಸ್ವಲ್ಪ ಈ ಕಡೆ ತಿರುಗವ್ವಾ" ಅಂತ ಗದ್ದ ಹಿಡಿದು ಟ್ಯೂಬ್‌ಲೈಟಿಗೆ ತಿರುಗಿಸಿದ್ದರು. ಗುಣ ಕಾಣಿಸ್ತಿತ್ತಾ ಆ ಬೆಳಕಲ್ಲಿ? ಕೈಲಿದ್ದ ತಟ್ಟೆಯಲ್ಲಿ ಅವಲಕ್ಕಿ ಹಾಗೇ ಇತ್ತು, ಕಣ್ಣು ತುಂಬಿ ಏನೂ ಕಾಣಲಿಲ್ಲ ನನಗೆ. ಹೆಣ್ಣಿನ ಕೆನ್ನೆ ಬೆಳಕಿಗೆ ಹಿಡಿದು ನೋಡೋ ಊರು, ಅವಳು ಚಿಕಿತ್ಸೆ ಕೇಳಿದರೆ ಮಾತ್ರ ಶೋಕಿ ಅನ್ನುತ್ತೆ. ಗಂಡುಮಕ್ಕಳೂ ಕಡಿಮೆ ನೊಂದಿಲ್ಲ. ಗಡ್ಡ ಬಿಟ್ಟು ಮುಚ್ಚಿಕೊಂಡ ನನ್ನ ವಿದ್ಯಾರ್ಥಿಗಳು ಇದ್ದಾರೆ.

ದುಡ್ಡಿನ ಮಾತೂ ಬರುತ್ತೆ. ನಮ್ಮೂರಲ್ಲಿ ಎರಡು ಮೆಡಿಕಲ್ ಕಾಲೇಜಿವೆ. ಜೆಜೆಎಂ ಅಂತೂ 1965ರಿಂದ ಇದೆ. ಎರಡರಲ್ಲೂ ಚರ್ಮರೋಗ ವಿಭಾಗ ಇದೆ. ಬೆಂಗಳೂರಿನ ಬಸ್ ಹತ್ತೋ ಮೊದಲು ಅಲ್ಲಿ ಚೀಟಿ ಮಾಡಿಸಿ. ಪಾರ್ಲರಿನಲ್ಲಿ ಸೂಜಿ, ಆಸಿಡ್ ಹಿಡಿದವರ ಮುಂದೆ ಮಾತ್ರ ದಯವಿಟ್ಟು ಕೂರಬೇಡಿ. ದವಡೆ ಅಂಚಿನಲ್ಲಿ, ಕಣ್ಣು-ಕಿವಿ ನಡುವಿನ ಕಣತಲೆಯಲ್ಲಿ ಮುಖದ ನರ ಹಾದುಹೋಗಿರುತ್ತೆ.

ಒಂದೇ ಸಲಕ್ಕೆ ಆಗೋ ಕೆಲಸವಲ್ಲ. ಸಾಮಾನ್ಯವಾಗಿ ತಿಂಗಳ ಅಂತರದಲ್ಲಿ ಹಲವು ಸಲ ಬೇಕು. ಕನ್ನಡಿಯಷ್ಟು ನಯ ಯಾರೂ ಮಾಡಿಕೊಡಲ್ಲ, ಹಾಗೆ ಮಾತು ಕೊಡೋರನ್ನು ನಂಬಬೇಡಿ. ನನ್ನದೂ ಪೂರ್ತಿ ಹೋಗಿಲ್ಲ, ಆಳ ಕಡಿಮೆಯಾಗಿದೆ, ಅಷ್ಟೇ. ಅಷ್ಟಕ್ಕೇ ನನಗೆ ಎಷ್ಟು ಖುಷಿಯಾಗಿದೆ ಅಂದರೆ ಹೇಳಕ್ಕೆ ಬರ್ತಿಲ್ಲ.

ಮೊಡವೆ ಇನ್ನೂ ಏಳ್ತಿದ್ದರೆ ಮೊದಲು ಅದು ಹತೋಟಿಗೆ ಬರಬೇಕು. ಮೊಡವೆಗೆ ಕೊಡೋ ಐಸೊಟ್ರೆಟಿನಾಯಿನ್ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದರೆ, ಗಾಯ ಮಾದ ಮೇಲೆ ಉಬ್ಬೋ ಗುಣ ಇದ್ದರೆ ಡಾಕ್ಟರಿಗೆ ಮುಂಚೆಯೇ ಹೇಳಿ. ಬಿಸಿಲು ಬಿದ್ದರೆ ಕಪ್ಪಾಗುತ್ತೆ, ಸನ್‌ಸ್ಕ್ರೀನ್ ಬಿಡಬೇಡಿ. ನಾನು ಏಪ್ರಿಲ್ ಬೇಡ ಅಂತ ಮಳೆಗಾಲಕ್ಕೆ ಕಾದಿದ್ದೆ.

ಆ ಹುಡುಗಿಗೆ ಇಷ್ಟೆಲ್ಲ ಅಲ್ಲಿ ನಿಂತು ಹೇಳಕ್ಕೆ ಆಗಲಿಲ್ಲ. "ಚರ್ಮದ ಡಾಕ್ಟ್ರಿಗೆ ತೋರಿಸು ಮಗಾ" ಅಂದೆ, ಟ್ಯೂಬ್ ವಾಪಸ್ ಇಟ್ಟು ಹೋದಳು. ಡಾಕ್ಟರ ಹತ್ತಿರ ಒಬ್ಬರೇ ಹೋಗಕ್ಕೆ ಹಿಂಜರಿಯೋ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದರೆ ನನಗೆ ಇನ್‌ಬಾಕ್ಸ್ ಮಾಡಲಿ. ದಸರಾ ರಜೆಯಲ್ಲಿ ಓಪಿಡಿಗೆ ನಾನೇ ಜೊತೆಗೆ ಬರ್ತೀನಿ.