ಆಷಾಢದಲ್ಲಿ ಬೀಗದಕೈ, ಶ್ರಾವಣದಲ್ಲಿ ಗೃಹಪ್ರವೇಶ

ಹೊಸ ಫ್ಲ್ಯಾಟಿನ ಬೀಗದಕೈ ಇಸ್ಕೊಳ್ಳೋಕೆ ಆಷಾಢದಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ. ಬೆಂಗಳೂರಿಗೆ ಬಂದಾಗ ಅಕ್ಕನ ಮನೆಯಲ್ಲಿ ಊಟದ ಹೊತ್ತಿಗೆ ಈ ಮಾತು ಹೇಳಿದೆ. ಸಾರು ಬಡಿಸುತ್ತಿದ್ದ ಅಕ್ಕನ ಅತ್ತೆ "ಏನಪ್ಪಾ, ಇಂಗ್ಲೆಂಡಿಗೆ ಹೋಗಿ ಇದನ್ನೇನಾ ಕಲಿತಿದ್ದು?" ಅಂದರು. ಒಂಥರಾ ಹೌದು. ಆದರೆ ಇದನ್ನು ಕಲಿಸಿದ್ದು ಅಲ್ಲಿಯ ಮನೆಗಳಲ್ಲ, ಒಂದು ಹಾಯಿದೋಣಿ.

ನಾನಿರುವುದು ಸೌತಾಂಪ್ಟನ್‌ನಲ್ಲಿ. ಆ ಊರಲ್ಲಿದ್ದು ಹಾಯಿದೋಣಿಯ ಹುಚ್ಚು ಹತ್ತದೇ ಇರುವುದು ಕಷ್ಟ. ಪಕ್ಕದಲ್ಲೇ ಹ್ಯಾಂಬಲ್ ನದಿ, ಅದರ ಎರಡೂ ದಡಕ್ಕೆ ದೋಣಿಗಳೇ ದೋಣಿಗಳು. ಪ್ರತಿ ಸೆಪ್ಟೆಂಬರ್‌ನಲ್ಲಿ ಊರೊಳಗೇ ಬೋಟ್ ಶೋ. ಆಫೀಸಿನ ಇಬ್ಬರು ಗೆಳೆಯರ ಜೊತೆ ಪಾಲು ಹಾಕಿ 34 ಅಡಿಯ ಹೊಸ ದೋಣಿಯೊಂದನ್ನು ಕೊಂಡೆ. ಒಬ್ಬನೇ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೆಂಟರು ಸುಮ್ಮನೆ ಏನೇನೋ ಲೆಕ್ಕ ಹಾಕುತ್ತಾರೆ. ಅದೇ ವರ್ಷ ಅಕ್ಕ-ಭಾವ ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ತಗೊಂಡರು. ಎರಡೂ ಹೊಸದು, ಎರಡಕ್ಕೂ ಸಾಲ, ಎರಡಕ್ಕೂ ನೀರು ಸೋರಿತು. ದೋಣಿ ಸೋರುವುದು ನೀರಿಗಿಳಿಸಿದ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಮನೆ ಸೋರುವುದು ಗೊತ್ತಾಗುವಷ್ಟರಲ್ಲಿ ವಾರ್ಡ್‌ರೋಬ್ ಉಬ್ಬಿತ್ತು.

ಈ ಗಾತ್ರದ ಹೊಸ ದೋಣಿಗಳು ಹೆಚ್ಚಾಗಿ ಫ್ರಾನ್ಸ್, ಜರ್ಮನಿ, ಸ್ಲೊವೇನಿಯಾದ ಕಾರ್ಖಾನೆಗಳಿಂದ ಲಾರಿ ಮೇಲೆ ಬರುತ್ತವೆ. ದೋಣಿ ಬೇರೆ, ಹಾಯಿಕಂಬ ಬೇರೆ, ಹಾಯಿಗಳು ಚೀಲದೊಳಗೆ. ಇಲ್ಲಿ ಮಾರುವವರ ಯಾರ್ಡಿನಲ್ಲಿ ಎಲ್ಲ ಜೋಡಿಸಬೇಕು. ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂಥ ಬಣ್ಣ ಬಳಿಯುತ್ತಾರೆ. ಆಮೇಲೆ ದೋಣಿಯನ್ನು ಎರಡು ಅಗಲದ ಪಟ್ಟಿಗಳಲ್ಲಿ ತೂಗುಹಾಕಿ, ಚಕ್ರಗಳಿರುವ ದೊಡ್ಡ ಕ್ರೇನಿನಲ್ಲಿ ದಡದ ತನಕ ತಂದು ಮೆಲ್ಲಗೆ ನೀರಿಗೆ ಇಳಿಸುತ್ತಾರೆ.

ದೋಣಿ ನೀರು ಮುಟ್ಟಿದರೂ ಪಟ್ಟಿ ಬಿಚ್ಚುವುದಿಲ್ಲ. ಯಾರ್ಡಿನವನೊಬ್ಬ ಟಾರ್ಚು, ಟಿಶ್ಯೂ ಪೇಪರ್ ಹಿಡಿದು ಒಳಗಿಳಿಯುತ್ತಾನೆ. ನೆಲದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಾನೆ. ದೋಣಿಯ ತಳದಲ್ಲಿ ಬೇಕಂತಲೇ ಕೊರೆದ ತೂತುಗಳಿರುತ್ತವೆ. ಇಂಜಿನ್ ತಣ್ಣಗಿಡಲು ಸಮುದ್ರದ ನೀರು ಒಳಗೆ ಬರುವುದಕ್ಕೆ ಒಂದು, ಟಾಯ್ಲೆಟ್ಟಿಗೆ, ಸಿಂಕಿಗೆ, ವೇಗ ಅಳೆಯುವ ಪುಟ್ಟ ಚಕ್ರಕ್ಕೆ ಒಂದೊಂದು. ಪೈಪ್ ಇರುವ ತೂತಿಗೆಲ್ಲ ವಾಲ್ವ್ ಇರುತ್ತದೆ. ಅವನು ಪ್ರತಿಯೊಂದರ ಬುಡಕ್ಕೂ ಒಣ ಟಿಶ್ಯೂ ಒತ್ತಿ, ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಾನೆ. ಒದ್ದೆ ಕಂಡರೆ ದೋಣಿ ವಾಪಸ್ ಮೇಲಕ್ಕೆ. ನಮ್ಮದು ವಾಪಸ್ ಹೋಯಿತು. ಸಿಂಕಿನ ವಾಲ್ವಿನ ಸುತ್ತ ಸೀಲಂಟ್ ಸರಿಯಾಗಿ ಕೂತಿರಲಿಲ್ಲ. ಯಾರೂ ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. "ಹಚ್ಚಿದ್ದು ಒಣಗಲಿ, ಉಬ್ಬರ ನೋಡಿಕೊಂಡು ಇನ್ನೊಂದು ಸಲ ಇಳಿಸೋಣ" ಅಂದರು, ಅಷ್ಟೆ.

ಅವರಿಗೆ ಮುಹೂರ್ತದ ತಲೆನೋವಿಲ್ಲ ಅಂದುಕೊಳ್ಳಬೇಡಿ. ಜಾಸ್ತಿನೇ ಇದೆ. ಯಾರ್ಡಿನ ಕ್ರೇನ್ ಕೆಲಸ ನಡೆಯುವುದು ಉಬ್ಬರದ ಹೊತ್ತು ನೋಡಿಕೊಂಡು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಎತ್ತರಕ್ಕೆ ಬರುತ್ತದೆ, ಇಳಿತ ತಳ ಕಾಣಿಸುತ್ತದೆ. ಸೌತಾಂಪ್ಟನ್‌ನಲ್ಲಂತೂ ಒಮ್ಮೆ ಉಬ್ಬರ ಮುಗಿಯಿತು ಅನ್ನುವಾಗ ಇನ್ನೊಮ್ಮೆ ಏರುತ್ತದೆ. ಇದನ್ನೆಲ್ಲ ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕಿದ ಪುಸ್ತಕ ಪ್ರತಿ ದೋಣಿಯಲ್ಲೂ ಇರುತ್ತದೆ. ನಮ್ಮ ತಾತ ಒಂಟಿಕೊಪ್ಪಲ್ ಪಂಚಾಂಗ ತಿರುವಿ ಹಾಕುತ್ತಿದ್ದಷ್ಟೇ ಶ್ರದ್ಧೆಯಿಂದ ಅಲ್ಲಿನ ಮುದುಕರು ಅದನ್ನು ತಿರುವಿ ಹಾಕುತ್ತಾರೆ. ನಂಬಿಕೆಗಳೂ ಇವೆ. ಹಾಯಿಕಂಬ ನಿಲ್ಲಿಸುವ ಮುಂಚೆ ಅದರ ಬುಡಕ್ಕೆ ನಾಣ್ಯ ಇಡುತ್ತಾರೆ. ಶುಕ್ರವಾರ ಪ್ರಯಾಣ ಶುರು ಮಾಡಬಾರದು ಅನ್ನುವವರು ಈಗಲೂ ಸಿಗುತ್ತಾರೆ. ದೋಣಿಗೆ ಹೆಸರಿಟ್ಟು ಮುಂಭಾಗಕ್ಕೆ ಶಾಂಪೇನ್ ಸುರಿಯುವುದಂತೂ ಇದ್ದೇ ಇದೆ. ನಾವು ಅದನ್ನು ಮಾಡಿದ್ದು ಪರೀಕ್ಷೆ ಎಲ್ಲ ಮುಗಿದ ಮೇಲೆ. ನಾನು ಒಂದು ತೆಂಗಿನಕಾಯಿಯನ್ನೂ ಒಡೆದೆ, ಗೆಳೆಯರು ಬೇಡ ಅನ್ನಲಿಲ್ಲ.

ಪರೀಕ್ಷೆ ಅಂದೆನಲ್ಲ, ಅದು ದೋಣಿ ತಗೊಳ್ಳುವವರ ಹಕ್ಕು. ಡೀಸೆಲ್ ಇಂಜಿನ್ ಶುರು ಮಾಡಿದ ಕೂಡಲೇ ಹಿಂದಕ್ಕೆ ಓಡಿ, ಹೊಗೆಯ ಪೈಪಿನಿಂದ ನೀರು ಉಗುಳುತ್ತಿದೆಯಾ ನೋಡಬೇಕು. ಉಗುಳದಿದ್ದರೆ ಇಂಜಿನ್‌ಗೆ ತಂಪಿನ ನೀರು ಹೋಗುತ್ತಿಲ್ಲ, ತಕ್ಷಣ ನಿಲ್ಲಿಸಬೇಕು. ಹಾಯಿಕಂಬವನ್ನು ಹಿಡಿದಿರುವ ಸ್ಟೀಲ್ ತಂತಿಗಳು ಹೊಸದರಲ್ಲಿ ಸ್ವಲ್ಪ ಎಳೆದುಕೊಳ್ಳುತ್ತವೆ. ಅದಕ್ಕೇ ಒಂದು ಸಲ ಗಾಳಿಗೆ ಒಡ್ಡಿ ಬಂದ ಮೇಲೆ ಮತ್ತೆ ಬಿಗಿ ಮಾಡಬೇಕು. ಎಲ್ಲ ಹಾಯಿಗಳನ್ನೂ ಏರಿಸಿ ಇಳಿಸಬೇಕು. ನನಗೆ ತುಂಬಾ ಹಿಡಿಸಿದ ಪರೀಕ್ಷೆ ಒಂದಿದೆ. ಒಬ್ಬ ಟಾರ್ಚ್ ಹಿಡಿದು ಒಳಗೆ ಕೂರುತ್ತಾನೆ. ಇನ್ನೊಬ್ಬ ಹೊರಗಿನಿಂದ ಒಂದೊಂದೇ ಕಿಟಕಿಗೆ, ಬೋಲ್ಟಿಗೆ ಪೈಪಿನಲ್ಲಿ ನೀರು ಹೊಡೆಯುತ್ತಾನೆ. "ಬಂತಾ?" "ಇಲ್ಲ." "ಈಗ?" ಹೀಗೆ ಒಂದು ಬೆಳಗ್ಗೆ ಪೂರ್ತಿ ಕಳೆದೆವು. ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ ಮಾರಿದವರ ಕೈಯಲ್ಲಿ ಸಹಿ ಹಾಕಿಸಿಕೊಂಡೆವು. ನಮ್ಮ ಕರಾರಿನ ಪ್ರಕಾರ ಕೊನೆಯ ಕಂತು ಕೊಡುವುದಿದ್ದದ್ದು ಅದಾದ ಮೇಲೆ.

ಹಾಗಂತ ಅಲ್ಲಿ ಎಲ್ಲ ಸುಸೂತ್ರ, ಇಲ್ಲಿ ಎಲ್ಲ ಗೋಳು ಅಂತ ಕಥೆ ಹೇಳಲು ನನಗೆ ಇಷ್ಟವಿಲ್ಲ. ವಿದೇಶದಿಂದ ಬಂದವರ ಆ ರಾಗ ಕೇಳಿ ಕೇಳಿ ಬೆಂಗಳೂರಿನವರಿಗೂ ಸಾಕಾಗಿದೆ. ನಮ್ಮ ದೋಣಿಯ ಲಂಗರು ಎತ್ತುವ ಮೋಟರಿಗೆ ವೈರ್ ಉಲ್ಟಾ ಕೊಟ್ಟಿದ್ದರು. ಮೇಲಿನ ಗುಂಡಿ ಒತ್ತಿದರೆ ಲಂಗರು ಕೆಳಗೆ ಹೋಗುತ್ತಿತ್ತು. ಅದನ್ನು ಸರಿ ಮಾಡಿಸಲು ಬೇಸಿಗೆ ಅರ್ಧ ಹೋಯಿತು. ಫೋನ್ ಮಾಡಿದರೆ "ನಾಳೆ ಬರ್ತೇವೆ" ಅನ್ನುವ ಜಾತಿ ಅಲ್ಲಿಯೂ ಇದೆ. ಆದರೆ ನಮ್ಮ ಪಟ್ಟಿ ಸಹಿಗಿಂತ ಮೊದಲು ಆಗಿತ್ತು, ಅವರ ದುಡ್ಡಿನ ಒಂದು ಭಾಗ ನಮ್ಮ ಹತ್ತಿರವೇ ಇತ್ತು.

ಇನ್ನು ಅಕ್ಕನ ಫ್ಲ್ಯಾಟು. ಪುರೋಹಿತರು ದಿನ ಕೊಟ್ಟರು. ಅಡುಗೆಯವರಿಗೆ ಅಡ್ವಾನ್ಸ್ ಹೋಯಿತು, ಕಾರ್ಡ್ ಅಚ್ಚಾಯಿತು, ಹುಬ್ಬಳ್ಳಿಯ ಚಿಕ್ಕಮ್ಮನಿಗೆ ಟ್ರೇನ್ ಟಿಕೆಟ್ ಆಯಿತು. ಈ ದಿನಾಂಕ ಬಿಲ್ಡರ್ ಕಡೆಯವರಿಗೂ ಗೊತ್ತು. ಹಿಂದಿನ ದಿನ ಸಂಜೆ ಬೀಗದಕೈ ತಂದರು. ಸ್ವಾಧೀನ ಪತ್ರ ಅಂತ ನಾಲ್ಕು ಹಾಳೆ ಮುಂದಿಟ್ಟರು. ಭಾವ ಕಾರಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದರು. ಹೂವಿನವನು ಗೇಟಿನ ಹತ್ತಿರ ಕಾಯುತ್ತಿರುವಾಗ ಬಾತ್‌ರೂಮಿನ ಇಳಿಜಾರು ನೋಡುವವರು ಯಾರು? ಬೆಳಗ್ಗೆ ಹಸು-ಕರು ಲಿಫ್ಟಿಗೆ ಹಿಡಿಸಲಿಲ್ಲ, ಪಾರ್ಕಿಂಗಿನಲ್ಲೇ ಪೂಜೆ ಆಯಿತು. ಬೂದುಗುಂಬಳ ಒಡೆದರು, ಹಾಲು ಉಕ್ಕಿತು, ಹೋಳಿಗೆ ಊಟ ಚೆನ್ನಾಗಿತ್ತು. ಮುಂದಿನ ವಾರವೇ ಬಡಗಿಗಳು ಬಂದು ಬಾತ್‌ರೂಮಿನ ಗೋಡೆಯ ಹಿಂಬದಿಗೆ ಆಳೆತ್ತರದ ವಾರ್ಡ್‌ರೋಬ್ ಕೂರಿಸಿದರು. ಆ ಬಾತ್‌ರೂಮನ್ನು ಅಲ್ಲಿಯತನಕ ಯಾರೂ ಸ್ನಾನಕ್ಕೆ ಬಳಸಿರಲಿಲ್ಲ. ಬಳಸತೊಡಗಿದ ಮೇಲೆ ಗೋಡೆ ಒಳಗೊಳಗೇ ನೆನೆಯಿತು. ವಾಸನೆ ಬಂತೆಂದು ಬಟ್ಟೆ ತೆಗೆದು ನೋಡಿದರೆ ಹಿಂದಿನ ಹಲಗೆ ಬೂಸ್ಟು ಹಿಡಿದು ಹೊಟ್ಟೆ ಬಿಟ್ಟಿತ್ತು. ಬಿಲ್ಡರ್ ಕಡೆಯವರು "ಇದು ನಿಮ್ಮ ಇಂಟೀರಿಯರ್‌ನವರು ಮೊಳೆ ಹೊಡೆದಿದ್ದರಿಂದ ಆಗಿದ್ದು" ಅಂದರು. ಇಂಟೀರಿಯರ್‌ನವರು "ಪ್ಲಂಬಿಂಗ್ ನಮ್ಮದಲ್ಲ ಸಾರ್" ಅಂದರು.

ಹಲಗೆ ಯಾವುದು ಅಂತೀರಾ? ಮೆರೈನ್ ಪ್ಲೈ. ಬೆಂಗಳೂರಿನ ಯಾವ ಬಡಗಿಯನ್ನು ಕೇಳಿ, "ಮೆರೈನೇ ಹಾಕ್ಸಿ ಸಾರ್, 710" ಅನ್ನುತ್ತಾನೆ. ಐಎಸ್ 710 ಅನ್ನುವುದು ದೋಣಿ, ಹಡಗಿನ ಕೆಲಸದ ಪ್ಲೈವುಡ್‌ಗೆ ನಮ್ಮ ದೇಶದಲ್ಲಿ ಮಾಡಿದ ಮಾನದಂಡ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ಅದು ಪ್ರತಿ ಅಡುಗೆಮನೆಯಲ್ಲೂ ಇದೆ. ನನ್ನ ದೋಣಿಯ ಒಡಲು ಮಾತ್ರ ಫೈಬರ್‌ಗ್ಲಾಸಿನದು.

ಇದು ಬಿಳಿಯರಿಂದ ಕಲಿಯಬೇಕಾದ ಪಾಠವೂ ಅಲ್ಲ. ಹಲಸೂರು ಕೆರೆಯಲ್ಲಿ ನಮ್ಮ ಸೇನೆಯ ಇಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್‌ನವರು ಹಾಯಿದೋಣಿ ಓಡಿಸುವುದನ್ನು ನೀವೂ ನೋಡಿರಬಹುದು. ಅದೇ ಸೇನೆಯ ಇಂಜಿನಿಯರುಗಳ ದಳದವರು 1985ರಿಂದ 1987ರ ನಡುವೆ ತೃಷ್ಣಾ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು. ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಸುತ್ತಿದರು. ಅವರ ದೋಣಿ ಮಹಾದಾಯಿ ನದಿಯ ಹೆಸರು ಹೊತ್ತ ಮ್ಹಾದೇಯಿ, 56 ಅಡಿ, ಗೋವಾದಲ್ಲೇ ಕಟ್ಟಿದ್ದು. ಕಟ್ಟುವ ಹೊತ್ತಿನಿಂದಲೇ ಅವರು ಆ ಕೆಲಸದ ಜೊತೆಗಿದ್ದರು. 2009ರ ಫೆಬ್ರವರಿಯಲ್ಲಿ ದೋಣಿ ಕೈಗೆ ಬಂತು, ಮುಂಬೈಯಿಂದ ಹೊರಟಿದ್ದು ಆಗಸ್ಟ್‌ನಲ್ಲಿ. ನಡುವೆ ಮಾರಿಷಸ್ ತನಕ ಹೋಗಿ ಬಂದು ದೋಣಿಯ ಗುಣ-ದೋಷ ನೋಡಿಕೊಂಡರು.

ಅದಕ್ಕೇ ಆಷಾಢ ಅಂದದ್ದು. ಆ ತಿಂಗಳು ಗೃಹಪ್ರವೇಶ ಇಲ್ಲ. ಪುರೋಹಿತರು, ಅಡುಗೆಯವರು, ನೆಂಟರು, ಯಾರ ಒತ್ತಡವೂ ಇಲ್ಲ. ಮೋಡ ಕಟ್ಟಿರುತ್ತದೆ, ಗಾಳಿಯ ಜೊತೆ ಜಡಿಮಳೆ ಅಡ್ಡಡ್ಡ ಹೊಡೆಯುತ್ತದೆ. ಕಿಟಕಿಗಳ ಯೋಗ್ಯತೆ ತಿಳಿಯಲು ಇನ್ನೇನು ಬೇಕು? ಆಷಾಢ ತಪ್ಪಿದರೆ ಪಿತೃಪಕ್ಷ ಇದೆ. ಅದೂ ಶುಭಕಾರ್ಯಕ್ಕೆ ಬೇಡವಾದ ಹದಿನೈದು ದಿನ, ಬರುವುದು ಬೆಂಗಳೂರಿನಲ್ಲಿ ಮಳೆ ಜಾಸ್ತಿ ಸುರಿಯುವ ಸೆಪ್ಟೆಂಬರ್ ಸುಮಾರಿಗೆ. ನಮ್ಮ ಹಿರಿಯರು ಹೊಸ ಕೆಲಸಕ್ಕೆ ಬಿಡುವು ಕೊಟ್ಟ ದಿನಗಳನ್ನು ಹಳೆ ತಪ್ಪು ಹುಡುಕಲು ಬಳಸಿದರೆ ಯಾವ ಶಾಸ್ತ್ರ ಮುರಿಯುತ್ತದೆ?

ಬಿಲ್ಡರ್ ಅವಸರ ಮಾಡಿದರೆ ಹೆದರಬೇಕಿಲ್ಲ. ರೇರಾ, ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ, ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪತ್ರ) ಬಂದ ಮೇಲೆ ಸ್ವಾಧೀನ ತಗೊಳ್ಳಲು ನಮಗೆ ಎರಡು ತಿಂಗಳು ಇದೆ. ಒಂದು ಆಷಾಢ ಅದರೊಳಗೆ ಆರಾಮಾಗಿ ಹಿಡಿಸುತ್ತದೆ. ಸಹಿ ಹಾಕುವ ಮುಂಚೆ ಮನೆ ಪರೀಕ್ಷೆ ಮಾಡಲು ಬಿಡಿ ಅಂತ ಬರೆದು ಕೇಳಿ, ಬಾಯಿಮಾತು ಬೇಡ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲೋ ಕೆಲಸದಲ್ಲೋ ದೋಷ ಕಂಡು ನಾವು ತಿಳಿಸಿದರೆ, 30 ದಿನದೊಳಗೆ ಅವರು ಪುಕ್ಕಟೆ ಸರಿ ಮಾಡಿಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ದೋಷ ಯಾರದು ಅನ್ನುವ ಜಗಳ ಶುರುವಾಗುವುದೇ ಬಡಗಿ ಒಳಗೆ ಕಾಲಿಟ್ಟ ಮೇಲೆ. ಖಾಲಿ ಮನೆಯಲ್ಲಿ ಸಿಕ್ಕ ದೋಷಕ್ಕೆ ಒಬ್ಬನೇ ಯಜಮಾನ.

ದೊಡ್ಡಪ್ಪನ ಮಗ ಈಗ ವೈಟ್‌ಫೀಲ್ಡ್ ಕಡೆ ಫ್ಲ್ಯಾಟ್ ಬುಕ್ ಮಾಡಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಂದು ಉದ್ದದ ಪೈಪ್ ತಗೊಂಡು ಹೋಗಿ ಹೊರಗಿನಿಂದ ಕಿಟಕಿಗಳಿಗೆ ನೀರು ಹೊಡೆಸು, ನೀನು ಒಳಗೆ ನಿಂತು ನೋಡು. ಜಾರುವ ಕಿಟಕಿಯ ಕೆಳಪಟ್ಟಿಯಲ್ಲಿ ನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ. ಗಾರೆ ಕೆಲಸದವರ ಸಿಮೆಂಟ್ ಬಿದ್ದು ಅವು ಮುಚ್ಚಿಹೋಗಿರುತ್ತವೆ. ಆಗ ಮಳೆನೀರು ಪಟ್ಟಿ ತುಂಬಿ ಒಳಗೇ ಬರುತ್ತದೆ. ಒಂದು ಕಡ್ಡಿ ಹಾಕಿ ಕೆರೆದರೆ ಮುಗಿಯುವ ಕೆಲಸ ಅದು. ಬಾತ್‌ರೂಮಿನ ನೆಲದ ಜಾಲರಿಗೆ ಬಟ್ಟೆ ತುರುಕಿ, ಎರಡಿಂಚು ನೀರು ನಿಲ್ಲಿಸಿ ಎರಡು ದಿನ ಬಿಡು. ಕೆಳಗಿನ ಮನೆಯ ಸೀಲಿಂಗನ್ನೂ ಹಿಂದಿನ ಗೋಡೆಯನ್ನೂ ಮುಟ್ಟಿ ನೋಡು. ಐದು ರೂಪಾಯಿ ನಾಣ್ಯದಿಂದ ಟೈಲ್ಸ್ ತಟ್ಟುತ್ತಾ ಹೋಗು, ಟೊಳ್ಳು ಶಬ್ದ ಬಂದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕು. ಕರೆಂಟ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದೇ ಇಳಿಸಿ ಯಾವ ರೂಮು ಕತ್ತಲಾಯಿತು ಅಂತ ಬರೆದಿಡು. ಸಹಿ ಹಾಕುವಾಗ ಈ ಪಟ್ಟಿಯನ್ನು ಆ ಪತ್ರದ ಮೇಲೇ ಬರೆದು, ಅವರ ಸಹಿಯನ್ನೂ ತಗೋ.

ಇನ್ನು ಒಳಗಿನ ಅಲಂಕಾರ. ಅಂಗಡಿಯಲ್ಲಿ ದೋಣಿಗೆ ಹೇಳುವ ರೇಟಿನಲ್ಲಿ ಎಷ್ಟೋ ಸಲ ಲಂಗರೇ ಸೇರಿರುವುದಿಲ್ಲ. ಸರಪಳಿ, ಹಗ್ಗ, ದಡಕ್ಕೆ ಉಜ್ಜದಂತೆ ಕಟ್ಟುವ ರಬ್ಬರ್ ದಿಂಬುಗಳು, ರೇಡಿಯೋ, ನಕ್ಷೆ ತೋರಿಸುವ ಪರದೆ, ಲೈಫ್‌ಜಾಕೆಟ್, ಗಾಳಿ ತುಂಬಿಕೊಳ್ಳುವ ಜೀವರಕ್ಷಕ ತೆಪ್ಪ, ಎಲ್ಲಕ್ಕೂ ಬೇರೆ ಬೇರೆ ಬಿಲ್ಲು. ಫ್ಲ್ಯಾಟಿಗೆ ಪಾರ್ಕಿಂಗ್, ಕ್ಲಬ್, ಬೆಸ್ಕಾಂ-ಜಲಮಂಡಳಿ ಡೆಪಾಸಿಟ್ ಅಂತ ಏರುತ್ತಾ ಹೋಗುತ್ತದಲ್ಲ, ಹಾಗೇ. ಅಲ್ಲಿ ಹಳಬರು ನಮಗೆ ಕೊಟ್ಟ ಸಲಹೆ ಇಷ್ಟೇ. ಜೀವ ಉಳಿಸುವುದನ್ನು ಮೊದಲ ದಿನವೇ ತಗೊಳ್ಳಿ, ಉಳಿದದ್ದಕ್ಕೆ ಒಂದು ಸೀಸನ್ ಕಾಯಿರಿ, ಯಾವುದು ಎಲ್ಲಿ ಬೇಕು ಅಂತ ದೋಣಿಯೇ ಹೇಳುತ್ತದೆ ಅಂದರು. ನಾವು ಹಾಗೇ ಮಾಡಿದೆವು. ಮೊದಲು ಆಸೆಪಟ್ಟ ಅರ್ಧ ಸಾಮಾನು ಬೇಕೇ ಆಗಲಿಲ್ಲ.

ವೈಟ್‌ಫೀಲ್ಡಿನ ಆ ತಮ್ಮನ ಇಂಟೀರಿಯರ್ ಕಂಪನಿಯವರು ಈಗಲೇ ತ್ರೀಡಿ ಚಿತ್ರ ಕಳಿಸಿದ್ದಾರೆ. ಮನೆಯ ಪ್ರತಿ ಗೋಡೆಗೂ ವಾರ್ಡ್‌ರೋಬ್, ಪ್ರತಿ ಸೀಲಿಂಗಿಗೂ ಪಿಒಪಿ. ಈ ತಿಂಗಳು ಕೊಟ್ಟರೆ ಡಿಸ್ಕೌಂಟ್ ಅಂತೆ. ಅಡುಗೆಮನೆ ಒಂದನ್ನು ಮಾಡಿಸು, ಉಳಿದದ್ದನ್ನು ಮುಂದಿನ ಮಳೆಗಾಲ ಕಳೆದ ಮೇಲೆ ನೋಡೋಣ ಅಂದಿದ್ದೇನೆ. ಅವನಿಗೆ ಅರ್ಧ ಮನಸ್ಸಿದೆ. ಅವನ ಹೆಂಡತಿ ಮಾತ್ರ "ಅಷ್ಟು ದಿನ ಬಟ್ಟೆ ಎಲ್ಲಿಡೋದು ಭಾವ?" ಅಂತ ಕೇಳಿದಳು. ಗಾಡ್ರೇಜ್ ಬೀರು ಇದೆಯಲ್ಲಮ್ಮ, ಗೋಡೆಗೆ ಒಂದಡಿ ಜಾಗ ಬಿಟ್ಟು ನಿಲ್ಲಿಸಿ ಅಂದೆ.