ಬಾಟಲಿ ಪಾಸು, ಡ್ರಮ್ಮಿನ ಮಾತು ಬೇಡ

ವೇಸ್ಟ್ ಆಯಿಲ್‌ನಲ್ಲಿ ವಿಷ ಹುಡುಕುವ ಕೆಲಸ ಈಗ ಯಂತ್ರದ ಪಾಲಾಗಿದೆ. ಒಳ್ಳೆಯದೇ. ಯಂತ್ರಕ್ಕೆ ನಿದ್ದೆಯಿಲ್ಲ, ಟೀ ಬ್ರೇಕಿಲ್ಲ, ಟ್ಯಾಂಕರ್ ಓಡಿಸುವ ಅಳಿಯನೂ ಇಲ್ಲ. ಅದರ ರೋಬಾಟ್ ತೋಳು 2 ಮಿಲಿಲೀಟರಿನ ಸೀಸೆ ಎತ್ತಿ, ಸೂಜಿಯಲ್ಲಿ ಒಂದೇ ಮೈಕ್ರೋಲೀಟರ್ ಹೀರಿ ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಾಫಿನೊಳಗೆ ಬಿಡುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಅಡಗಿ ಕೂರುವ ಪಿಸಿಬಿ ಎಂಬ ಕ್ಲೋರಿನ್ ವಿಷಗಳ ಕುಟುಂಬದಲ್ಲಿ 209 ಮಂದಿ. ಸಿಕ್ಕವರನ್ನೆಲ್ಲ ಪರದೆಯ ಮೇಲೆ ಸಾಲಾಗಿ ನಿಲ್ಲಿಸಿ, ದಶಮಾಂಶದ ಲೆಕ್ಕ ಕೊಡುತ್ತದೆ.

ಇಷ್ಟೆಲ್ಲ ಕರಾರುವಾಕ್ಕು ಬಾಟಲಿ ಲ್ಯಾಬಿನ ಹೊಸ್ತಿಲು ದಾಟಿದ ಮೇಲಿನದು. ಅದಕ್ಕೆ ಮುಂಚೆ, 200 ಲೀಟರಿನ ಡ್ರಮ್ಮಿನಿಂದ ಎಣ್ಣೆ ಬಾಟಲಿಗೆ ಇಳಿಸುವವರು ಯಾರು? ಸಾಮಾನ್ಯವಾಗಿ, ಎಣ್ಣೆಯ ಧಣಿಗಳ ಕಡೆಯವರೇ. ತಳದಲ್ಲಿ ನೀರು, ಕೆಸರು, ಲೋಹದ ಪುಡಿ ಕೂತಿರುತ್ತದೆ. ಕೊಳವೆ ಇಳಿಬಿಟ್ಟು ಮೇಲಿಂದ ತಳದವರೆಗೂ ಸ್ಯಾಂಪಲ್ ತೆಗೆಯಬೇಕು ಎನ್ನುತ್ತದೆ ಪದ್ಧತಿ. ಬಗ್ಗಿದರೆ ಸೊಂಟ ನೋವು, ಅಂಗಿಗೆ ಜಿಡ್ಡು. ಮೇಲಿನ ತಿಳಿಯೇ ಸಾಕು. (ಪಕ್ಕದಲ್ಲಿ ಹೊಸ ಎಣ್ಣೆಯ ಡಬ್ಬಿ ತೆರೆದಿದ್ದರೆ ಕೈತಪ್ಪಿ ನಾಲ್ಕು ಹನಿ ಅದರದ್ದೂ ಬೀಳಬಹುದು. ಮನುಷ್ಯರ ಕೈ ತಾನೇ?)

ಗಣಿತ ಬಲ್ಲವರಿಗೆ ಇನ್ನೂ ಸಲೀಸು. ಸ್ಟಾಕ್‌ಹೋಮ್ ಒಪ್ಪಂದ (ಬೇಗ ನಾಶವಾಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡದ್ದು) ಪಿಸಿಬಿಗೆ ಎಳೆದ ಗೆರೆ ಕಿಲೋಗೆ 50 ಮಿಲಿಗ್ರಾಂ. 80 ಇರುವ ಡ್ರಮ್ಮಿಗೆ ಅಷ್ಟೇ ಶುದ್ಧ ಎಣ್ಣೆ ಬೆರೆಸಿ, 40 ಆಯಿತು. ವಿಷ ಒಂದು ಹನಿಯೂ ಕಡಿಮೆಯಾಗಿಲ್ಲ. ಅಪಾಯಕಾರಿ ಡ್ರಮ್ಮು ಒಂದಿದ್ದದ್ದು ಈಗ ನಿರಪಾಯಕಾರಿ ಡ್ರಮ್ಮು ಎರಡು. ಹಾಗೆ ಬೆರೆಸಬಾರದೆಂದು ಕಾನೂನು ಹೇಳಬಹುದು. ಯಂತ್ರ ಓದುವುದು ಸೀಸೆಯನ್ನು, ಕಾನೂನನ್ನಲ್ಲ.

ಪೂರ್ತಿ ಡ್ರಮ್ಮಿನ ಪರೀಕ್ಷೆ ಬೇಕೆಂದರೆ ಕೋಳಿಗಳೇ ವಾಸಿ. 1999ರಲ್ಲಿ ಬೆಲ್ಜಿಯಂನಲ್ಲಿ ಪಿಸಿಬಿ ಎಣ್ಣೆ ಮರುಬಳಕೆಯ ಕೊಬ್ಬಿಗೆ ಸೇರಿತು, ಕೊಬ್ಬು ಕೋಳಿ ಆಹಾರಕ್ಕೆ ಸೇರಿತು. ಏನೋ ಎಡವಟ್ಟಾಗಿದೆ ಎಂದು ಲ್ಯಾಬಿಗಿಂತ ಮೊದಲು ಸಾರಿದ್ದು ಮೊಟ್ಟೆ ಕಡಿಮೆ ಮಾಡಿದ ಕೋಳಿಗಳು. ಆಮೇಲೆ ಅಂಗಡಿಗಳಿಂದ ಕೋಳಿ, ಮೊಟ್ಟೆ ಮಾಯವಾದವು. ಮುಂದಿನ ಚುನಾವಣೆಯಲ್ಲಿ ಸರ್ಕಾರವೂ.

ಲ್ಯಾಬಿನವರು ಮಾತ್ರ ಜಾಣರು. ವರದಿಯ ಕೊನೆಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ: ‘ಫಲಿತಾಂಶ ನಮಗೆ ತಲುಪಿದ ಸ್ಯಾಂಪಲ್‌ಗೆ ಮಾತ್ರ ಅನ್ವಯ.’ ಹಾಗೆ ಬರೆಯಬೇಕೆಂಬುದು ಐಎಸ್‌ಒ 17025 ಎಂಬ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡದ ನಿಯಮವೇ. ಆ ಸಾಲಿನ ಮೇಲೆಯೇ ಠಸ್ಸೆ ಬೀಳುತ್ತದೆ, ಟ್ಯಾಂಕರು ಎಣ್ಣೆ ಉರಿಸುವ ಕುಲುಮೆಯತ್ತ ಹೊರಡುತ್ತದೆ.

ಎಲ್ಲ ಸ್ಯಾಂಪಲ್ಲೂ ಪಾಸಾಗುತ್ತಿರುವ ಖುಷಿಗೆ ಸಾಹೇಬರು ಎರಡನೇ ಯಂತ್ರಕ್ಕೂ ಸಹಿ ಹಾಕಿದ್ದಾರೆ. ಡ್ರಮ್ಮಿನ ತಳ ಮುಟ್ಟುವಷ್ಟು ಉದ್ದದ ಕೊಳವೆ ಬೇಕೆಂದ ಹುಡುಗನ ಅರ್ಜಿ, ಅನುದಾನವಿಲ್ಲ ಎಂದು ವಾಪಸ್.