ಬಯಾಲಜಿ ಅಂದರೆ ಬರೀ ನೀಟ್ ಅಲ್ಲ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದರೆ ಬೆಂಗಳೂರಿನ ಮನೆಮನೆಯಲ್ಲೂ ಒಂದೇ ಚರ್ಚೆ. ಮಗಳು ಡಾಕ್ಟರ್ ಆಗಬೇಕಾ? ಪಿಸಿಎಂಬಿ ಕೊಡಿಸಿ. ಇಂಜಿನಿಯರಿಂಗಾ? ಬಯಾಲಜಿ ಯಾಕೆ ಸುಮ್ನೆ, ಕಂಪ್ಯೂಟರ್ ಸೈನ್ಸ್ ತಗೊಳ್ಳಲಿ. ಬಯಾಲಜಿ ತಗೊಂಡ ಮಕ್ಕಳು ಎರಡು ವರ್ಷ ಉರು ಹೊಡೆಯುತ್ತಾರೆ. ಸೀಟು ಸಿಗಲಿಲ್ಲವೋ, ಆ ಪುಸ್ತಕ ಅಟ್ಟ ಸೇರುತ್ತದೆ. ನನಗೆ ಇದು ತುಂಬಾ ನೋವಿನ ವಿಷಯ. ಜೀವ ಹೇಗೆ ನಡೆಯುತ್ತದೆ, ಹೇಗೆ ಬದಲಾಗುತ್ತದೆ, ಒಂದು ಜೀವಿ ಇನ್ನೊಂದರ ಜೊತೆ ಹೇಗೆ ಬಾಳುತ್ತದೆ ಅಂತ ಕೇಳುವ ವಿಜ್ಞಾನವನ್ನು ನಾವು ನೀಟ್ ಎಂಬ ಒಂದು ಮೆಡಿಕಲ್ ಪ್ರವೇಶ ಪರೀಕ್ಷೆಗೆ ಒತ್ತೆ ಇಟ್ಟುಬಿಟ್ಟಿದ್ದೇವೆ.

ನಮ್ಮ ಊರಿನದೇ ಒಂದು ಕಥೆ ಹೇಳುತ್ತೇನೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಮಿಲಿಟರಿ ಡಾಕ್ಟರ್ ಬೆಂಗಳೂರಿಗೆ ಬಂದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ, ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಓಡಾಡುತ್ತಿದ್ದವು. ನೀರು ಚೆಲ್ಲಿಸಿದರು, ಸೊಳ್ಳೆ ಕಮ್ಮಿಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗಿನ್ನೂ ಅವರಿಗೆ ಗೊತ್ತಿರಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು.

ಇವತ್ತಿಗೂ ಮಳೆಗಾಲ ಬಂದರೆ ನಮ್ಮ ಬಡಾವಣೆಗಳಲ್ಲಿ ಡೆಂಗ್ಯೂ. ನಾವೋ, ಫಾಗಿಂಗ್ ಗಾಡಿ ಬರಲಿಲ್ಲ ಅಂತ ಜಗಳ ಆಡುತ್ತೇವೆ. ಆ ಹೊಗೆ ಹಾರಾಡುವ ಸೊಳ್ಳೆಯನ್ನು ಕೊಲ್ಲಬಹುದು, ಡ್ರಮ್ಮಿನೊಳಗಿನ ಮರಿಹುಳುವನ್ನಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಇದು ಡಾಕ್ಟರಿಗಿಂತ ಮೊದಲು ಮನೆಯವರಿಗೆ ಗೊತ್ತಿರಬೇಕಾದ ಬಯಾಲಜಿ, ಅಲ್ವಾ?

ಕೆರೆಗಳದ್ದೂ ಅದೇ ಕಥೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಕೆರೆಗೆ ಕೊಳಚೆ ನೀರು ಸೇರಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಕ್ಸಿಜನ್ ಖಾಲಿ ಮಾಡುತ್ತವೆ, ಮೀನಿಗೆ ಉಸಿರು ಸಿಗುವುದಿಲ್ಲ. ಕೆರೆಗೆ ಬೇಲಿ, ವಾಕಿಂಗ್ ಪಾತ್, ಬಣ್ಣದ ಲೈಟು ಹಾಕುವ ಮುಂಚೆ ಇದನ್ನು ತಿಳಿದವರೊಬ್ಬರು ಮೀಟಿಂಗಿನಲ್ಲಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ಉಪಯೋಗ ಇದ್ದರೆ ಮಾತ್ರ ಬಯಾಲಜಿ ಅಂತಲೂ ಅಲ್ಲ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ), ವಿಜ್ಞಾನಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಕಡಜಗಳನ್ನು ನೋಡುತ್ತಾ ಬಂದಿದ್ದಾರೆ. ಒಂದೊಂದು ಕಡಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಬರೆದಿಡುವ ಕೆಲಸ. ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಈ ಕಡಜದ ಗೂಡಿನಲ್ಲಿ ರಾಣಿ ತೀರಾ ಸಾಧು. ಆದರೆ ರಾಣಿಯನ್ನು ತೆಗೆದರೆ, ಅಲ್ಲಿಯವರೆಗೆ ಸುಮ್ಮನಿದ್ದ ಕೆಲಸಗಾರ್ತಿಯೊಬ್ಬಳು ಸ್ವಲ್ಪ ಹೊತ್ತಿಗೇ ಎಲ್ಲರ ಮೇಲೆ ಎಗರಾಡಲು ಶುರು ಮಾಡುತ್ತಾಳೆ. ಮುಂದಿನ ರಾಣಿ ಅವಳೇ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಅವಳೂ ಸಾಧುವಾಗುತ್ತಾಳೆ! ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ, ತಾಳ್ಮೆ ಮತ್ತು ನೋಟ್‌ಬುಕ್ ಬೇಕು.

ನಗರದಲ್ಲಿ ಇನ್ನೇನು ಉಳಿದಿದೆ ಅನ್ನುವವರಿಗೆ: ರಾಜಾನುಕುಂಟೆಯ ಬಳಿ ಸಿಕ್ಕ, ಮಣ್ಣು ತೋಡಿ ಒಳಗೆ ಅಡಗುವ ಒಂದು ಕಪ್ಪೆಯನ್ನು ಹೊಸ ಪ್ರಭೇದ ಎಂದು 2020ರಲ್ಲಿ ಪ್ರಕಟಿಸಿದರು. ಹೆಸರು ಸ್ಫೆರೋತೀಕಾ ಬೆಂಗಳೂರು.

ಪಿಯುಸಿ ಮಕ್ಕಳಿರುವ ಅಪ್ಪ ಅಮ್ಮಂದಿರೇ, ಟಾಟಾ ಇನ್‌ಸ್ಟಿಟ್ಯೂಟ್ ಓಪನ್ ಡೇ ಮಾಡಿದಾಗ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಬಯಾಲಜಿ ಲ್ಯಾಬುಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಬಿಡಿ. ಕೋಚಿಂಗ್ ಫೀಸ್ ಕಟ್ಟುವುದು ಅದಾದ ಮೇಲೆ ನೋಡೋಣ.